ಸಾದಾ ಪಠ್ಯದೊಳಗೆ ಕೋಡ್‌ನಿಂದ ಚಿತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಬರಹ ವೆಬ್‌ಗೂ ಹೋಗಬೇಕು, ಪಿಡಿಎಫ್ ಕೂಡ ಆಗಬೇಕು, ಯಾರೋ ಒಬ್ಬರಿಗೆ ವರ್ಡ್ ಫೈಲೇ ಬೇಕು. ಬರಹ ಮಾರ್ಕ್‌ಡೌನ್, ಆರ್ಗ್ ಅಥವಾ ಆಸ್ಕಿಡಾಕ್‌ನಂಥ, ಸಾದಾ ಪಠ್ಯದಲ್ಲೇ ಸಣ್ಣ ಗುರುತು ಹಾಕಿ ಬರೆಯುವ ಪದ್ಧತಿಯಲ್ಲಿದ್ದರೆ ಅಕ್ಷರಗಳ ಮಟ್ಟಿಗೆ ಇದು ಸುಲಭ. ತೊಡಕು ಶುರುವಾಗುವುದು ಚಿತ್ರಗಳ ಹತ್ತಿರ. ಕೆಳಗಿನ ಉತ್ತರಗಳೆಲ್ಲ ಒಂದು ನಿಲುವಿನಿಂದ ಬಂದವು: ಚಿತ್ರದ ಕೋಡನ್ನು ಬರಹದೊಳಗೇ ಜೋಪಾನವಾಗಿಡಿ, ಯಾವ ಫಾರ್ಮ್ಯಾಟ್ ಅನ್ನುವ ತೀರ್ಮಾನವನ್ನು ಎಕ್ಸ್‌ಪೋರ್ಟ್ ಹೊತ್ತಿಗೆ, ಅಂದರೆ ಬರಹವನ್ನು ವೆಬ್ ಪುಟವೋ ಪಿಡಿಎಫೋ ಆಗಿ ಪರಿವರ್ತಿಸುವ ಹೊತ್ತಿಗೆ, ಬಿಡಿ.

ಒಂದು ಸೂಚನೆ. ಕೀವರ್ಡ್‌ಗಳನ್ನೂ ಆಯ್ಕೆಗಳ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ನಿಮ್ಮ ಫೈಲಿನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು.

## ಕೋಡ್‌ನಿಂದ ಚಿತ್ರ ಅಂದರೆ ನಿಜವಾಗಿ ಏನಾಗುತ್ತದೆ?

ಚಿತ್ರದಲ್ಲಿ ಏನೇನಿದೆ, ಯಾವುದು ಯಾವುದಕ್ಕೆ ಸೇರುತ್ತದೆ ಅನ್ನುವುದನ್ನು ನೀವು ಅಕ್ಷರಗಳಲ್ಲಿ ಬರೆಯುತ್ತೀರಿ. ಒಂದು ಪ್ರೋಗ್ರಾಂ ಅದನ್ನು ಓದುತ್ತದೆ, ಯಾವುದು ಎಲ್ಲಿ ಕೂರಬೇಕು, ಗೆರೆ ಎಲ್ಲಿ ಬಾಗಬೇಕು ಎಂದು ಲೆಕ್ಕ ಹಾಕುತ್ತದೆ, ಚಿತ್ರದ ಫೈಲ್ ಕೊಡುತ್ತದೆ. ಒಂದು ಲೇಖನ ಪ್ರಕಟವಾಗುವ ದಾರಿಯನ್ನು ಗ್ರಾಫ್‌ವಿಜ್ ಎಂಬ ಪ್ರೋಗ್ರಾಂನ ಡಾಟ್ ಭಾಷೆಯಲ್ಲಿ ಹೀಗೆ ಬರೆಯಬಹುದು:

    ಕರಡು -> ಪರಿಶೀಲನೆ
    ಪರಿಶೀಲನೆ -> ಪ್ರಕಟಣೆ
    ಪರಿಶೀಲನೆ -> ಕರಡು

ಇದರ ಮೇಲೆ ‘ಡೈಗ್ರಾಫ್’ ಎಂಬ ಕೀವರ್ಡ್, ಸುತ್ತ ಒಂದು ಜೋಡಿ ಕರ್ಲಿ ಬ್ರಾಕೆಟ್ ಹಾಕಿದರೆ ಮುಗಿಯಿತು. ಅಂಡಾಕಾರದ ಮೂರು ಆಕೃತಿಗಳು, ಅವುಗಳ ನಡುವೆ ಮೂರು ಬಾಣಗಳು ಬರುತ್ತವೆ. ಡಾಟ್ ಭಾಷೆ ಎಲ್ಲ ಲಿಪಿಗಳನ್ನೂ ಬರೆಯಬಲ್ಲ ಯುಟಿಎಫ್-8 ಸಂಕೇತ ಪದ್ಧತಿಯನ್ನು ಒಪ್ಪುವುದರಿಂದ ಕನ್ನಡ ಹೆಸರುಗಳು ಹಾಗೇ ನಡೆಯುತ್ತವೆ. ಹೆಸರಿನ ನಡುವೆ ಸ್ಪೇಸ್, ಹೈಫನ್‌ನಂಥದ್ದು ಇದ್ದರೆ ಕೋಟ್ ಹಾಕಬೇಕು.

ಈ ಸಾಲುಗಳು ಬೇರೆ ಫೈಲಿನಲ್ಲಿ ಇರಬೇಕಾಗಿಲ್ಲ. ನಿಮ್ಮ ಬರಹದ ಮಧ್ಯೆ, ಚಿತ್ರ ಬರಬೇಕಾದ ಜಾಗದಲ್ಲೇ, ಒಂದು ಕೋಡ್ ಬ್ಲಾಕ್ ಆಗಿ ಇರುತ್ತವೆ. ಎಕ್ಸ್‌ಪೋರ್ಟ್ ಮಾಡುವಾಗ ಬ್ಲಾಕ್ ಹೋಗಿ ಆ ಜಾಗಕ್ಕೆ ಚಿತ್ರ ಬರುತ್ತದೆ.

## ಮೌಸ್ ಹಿಡಿದು ಬಿಡಿಸುವುದೇ ಬೇಗ ಆಗುತ್ತೆ ಅಲ್ವಾ?

ಮೊದಲ ಸಲ, ಹೌದು. ಎರಡನೇ ಸಲದಿಂದ ಲೆಕ್ಕ ಬದಲಾಗುತ್ತದೆ. ಮೇಲಿನ ದಾರಿಗೆ ‘ಭಾಷೆ ತಿದ್ದುವುದು’ ಅನ್ನುವ ಹಂತ ಸೇರಿಸಬೇಕು ಅಂದುಕೊಳ್ಳಿ. ಮೌಸ್‌ನಲ್ಲಿ ಬಿಡಿಸಿದ್ದರೆ ಮೂಲ ಫೈಲ್ ಹುಡುಕಬೇಕು, ಆ ಸಾಫ್ಟ್‌ವೇರ್ ತೆರೆಯಬೇಕು, ಬಾಕ್ಸ್‌ಗಳನ್ನು ಸರಿಸಿ ಜಾಗ ಮಾಡಬೇಕು, ಮತ್ತೆ ಸೇವ್ ಮಾಡಿ ಬರಹಕ್ಕೆ ಅಂಟಿಸಬೇಕು. ವೆಬ್‌ಗೆ ಒಂದು, ಮುದ್ರಣಕ್ಕೆ ಒಂದು ಅಂತ ಎರಡು ಪ್ರತಿ ಇದ್ದರೆ ಎರಡನ್ನೂ ಮಾಡಬೇಕು. ಕೋಡ್‌ನಲ್ಲಾದರೆ ಎರಡು ಸಾಲು ತಿದ್ದಿದರೆ ಸಾಕು. ಎಲ್ಲ ಫಾರ್ಮ್ಯಾಟ್‌ಗಳಲ್ಲೂ ಹೊಸ ಚಿತ್ರ ತಾನಾಗಿಯೇ ಬರುತ್ತದೆ.

ಇನ್ನೂ ದೊಡ್ಡ ಲಾಭ ಒಂದಿದೆ. ಬರಹದ ವಾಕ್ಯವೂ ಚಿತ್ರದ ಕೋಡೂ ಒಂದೇ ಫೈಲಿನಲ್ಲಿ ಅಕ್ಕಪಕ್ಕ ಇರುತ್ತವೆ. ವಾಕ್ಯ ತಿದ್ದುವಾಗ ಚಿತ್ರವೂ ಕಣ್ಣಿಗೆ ಬೀಳುತ್ತದೆ. ಬರಹ ಒಂದು ಹೇಳುತ್ತದೆ, ಚಿತ್ರ ಇನ್ನೊಂದು ಹೇಳುತ್ತದೆ ಅನ್ನುವ ತೊಂದರೆ ತುಂಬ ಕಡಿಮೆಯಾಗುತ್ತದೆ. ದಾಖಲೆಗಳಲ್ಲಿ ಓದುಗರನ್ನು ಅತಿ ಹೆಚ್ಚು ದಾರಿ ತಪ್ಪಿಸುವುದು ಹಳೆಯದಾದ ಚಿತ್ರ. ಆದ್ದರಿಂದ ಈ ಒಂದೇ ಕಾರಣಕ್ಕೆ ಕೋಡ್ ದಾರಿ ಹಿಡಿದರೂ ಶ್ರಮ ಸಾರ್ಥಕ.

ಎಲ್ಲ ಚಿತ್ರಕ್ಕೂ ಇದು ಹೊಂದುವುದಿಲ್ಲ. ಯಂತ್ರದ ಭಾಗಗಳ ಚಿತ್ರ, ನಕ್ಷೆ, ಪ್ರತಿ ಗೆರೆಯೂ ಇಂಥಲ್ಲೇ ಇರಬೇಕು ಅನ್ನುವ ವಿನ್ಯಾಸ, ಇವನ್ನೆಲ್ಲ ಇಂಕ್‌ಸ್ಕೇಪ್‌ನಂಥ ಸಾಫ್ಟ್‌ವೇರ್‌ನಲ್ಲಿ ಕೈಯಾರೆ ಬಿಡಿಸುವುದೇ ಸರಿ.

## ಯಾವ ಚಿತ್ರಕ್ಕೆ ಯಾವ ಭಾಷೆ?

ಯಾವುದು ಯಾವುದಕ್ಕೆ ಸೇರುತ್ತದೆ ಎಂದು ತೋರಿಸುವ ಚಿತ್ರಕ್ಕೆ ಗ್ರಾಫ್‌ವಿಜ್. ಇದು ಎಟಿ ಅಂಡ್ ಟಿ ಪ್ರಯೋಗಾಲಯದಲ್ಲಿ ಹುಟ್ಟಿದ್ದು, ಹಳೆಯದು, ಗಟ್ಟಿ. ಮೇಲಿಂದ ಕೆಳಗೆ ಹರಿಯುವ ಚಿತ್ರಕ್ಕೆ ಅದರ ‘ಡಾಟ್’ ಎಂಜಿನ್, ದಿಕ್ಕಿಲ್ಲದ ಜಾಲಕ್ಕೆ ‘ನೀಟೊ’, ದೊಡ್ಡ ಜಾಲಕ್ಕೆ ‘ಎಸ್‌ಎಫ್‌ಡಿಪಿ’, ವೃತ್ತಾಕಾರಕ್ಕೆ ‘ಸರ್ಕೊ’.

ಯಾರು ಯಾರಿಗೆ ಯಾವ ಸಂದೇಶ ಕಳಿಸಿದರು, ಯಾವ ಕ್ರಮದಲ್ಲಿ, ಅನ್ನುವ ಸೀಕ್ವೆನ್ಸ್ ಚಿತ್ರಕ್ಕೆ ಪ್ಲಾಂಟ್‌ಯುಎಂಎಲ್ ಚೆನ್ನಾಗಿದೆ. ಇದಕ್ಕೆ ಜಾವಾ ಬೇಕು. ಕ್ಲಾಸ್ ಚಿತ್ರದಂಥ ಕೆಲವಕ್ಕೆ ಒಳಗೊಳಗೇ ಗ್ರಾಫ್‌ವಿಜ್ ಅನ್ನು ಕರೆಯುತ್ತದೆ, ಸೀಕ್ವೆನ್ಸ್ ಚಿತ್ರಕ್ಕೆ ಅದರ ಅಗತ್ಯವಿಲ್ಲ. ಮರ್ಮೇಡ್ ಜಾವಾಸ್ಕ್ರಿಪ್ಟ್‌ನಲ್ಲಿ ಬರೆದದ್ದು, ಬ್ರೌಸರ್‌ನೊಳಗೇ ಚಿತ್ರ ಬಿಡಿಸುತ್ತದೆ. 2022ರ ಫೆಬ್ರವರಿಯಲ್ಲಿ ಗಿಟ್‌ಹಬ್ ತನ್ನ ಮಾರ್ಕ್‌ಡೌನ್‌ನಲ್ಲಿ ಮರ್ಮೇಡ್ ತೋರಿಸಲು ಶುರುಮಾಡಿದ ಮೇಲೆ ಇದರ ಬಳಕೆ ಜಾಸ್ತಿಯಾಯಿತು. ಗಣಿತ, ಜ್ಯಾಮಿತಿ, ಪ್ರತಿ ಬಿಂದುವಿನ ಮೇಲೂ ಹಿಡಿತ ಬೇಕು ಅಂದರೆ ಲೇಟೆಕ್ ಎಂಬ ಅಕ್ಷರ ಜೋಡಣೆ ವ್ಯವಸ್ಥೆಯ ಟಿಕ್‌ಜ್. ಪಠ್ಯದಲ್ಲೇ ಗೆರೆ, ಮೂಲೆಗಳನ್ನು ಟೈಪ್ ಮಾಡಿದ ಚಿತ್ರವನ್ನು ನೀಟಾದ ಚಿತ್ರ ಮಾಡಿಸಬೇಕಿದ್ದರೆ ಡಿಟಾ. ಅಂಕಿಅಂಶಗಳ ಗ್ರಾಫ್‌ಗೆ ಗ್ನೂಪ್ಲಾಟ್ ಅಥವಾ ಪೈಥಾನ್‌ನ ಮ್ಯಾಟ್‌ಪ್ಲಾಟ್‌ಲಿಬ್.

ಹೊಸಬರಿಗೆ ನನ್ನ ಸಲಹೆ: ಹಲವು ಫಾರ್ಮ್ಯಾಟ್‌ಗೆ ಎಕ್ಸ್‌ಪೋರ್ಟ್ ಮಾಡುವುದೇ ಗುರಿಯಾದರೆ ಗ್ರಾಫ್‌ವಿಜ್‌ನಿಂದ ಶುರುಮಾಡಿ. ಒಂದೇ ಸಣ್ಣ ಪ್ರೋಗ್ರಾಂ, ಬ್ರೌಸರ್ ಬೇಡ, ಜಾವಾ ಬೇಡ, ಎಸ್‌ವಿಜಿ (ಗೆರೆಗಳಾಗಿ ಇಡುವ ಚಿತ್ರ), ಪಿಡಿಎಫ್, ಪಿಎನ್‌ಜಿ (ಪಿಕ್ಸೆಲ್ ಚುಕ್ಕೆಗಳ ಚಿತ್ರ) ಮೂರನ್ನೂ ನೇರವಾಗಿ ಕೊಡುತ್ತದೆ.

## ಬ್ರೌಸರ್‌ನಲ್ಲಿ ಚಿತ್ರ ಕಾಣುತ್ತದೆ, ಪಿಡಿಎಫ್‌ನಲ್ಲಿ ಕೋಡೇ ಬರುತ್ತದೆ. ಯಾಕೆ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಚಿತ್ರ ಯಾವಾಗ ಹುಟ್ಟುತ್ತದೆ ಅನ್ನುವುದು ಗೊತ್ತಾದರೆ ಉತ್ತರ ತಾನಾಗಿ ಸಿಗುತ್ತದೆ.

ವೆಬ್ ಪುಟದಲ್ಲಿ ಮರ್ಮೇಡ್ ಇದ್ದಾಗ, ಪುಟದೊಳಗೆ ಇರುವುದು ಕೋಡ್ ಮಾತ್ರ. ಓದುಗರ ಬ್ರೌಸರ್ ಪುಟ ತೆರೆದ ಮೇಲೆ ಜಾವಾಸ್ಕ್ರಿಪ್ಟ್ ಓಡಿ, ಆ ಕೋಡ್ ಇರುವ ಜಾಗದಲ್ಲಿ ಚಿತ್ರ ಬಿಡಿಸುತ್ತದೆ. ಅಂದರೆ ಚಿತ್ರ ಹುಟ್ಟುವುದು ಓದುವ ಹೊತ್ತಿಗೆ. ಪಿಡಿಎಫ್ ಮಾಡುವಾಗ ಮಧ್ಯೆ ಬ್ರೌಸರ್ ಇಲ್ಲ. ಎಕ್ಸ್‌ಪೋರ್ಟ್ ಮಾಡುವ ಪ್ರೋಗ್ರಾಂಗೆ ಅದು ಎಲ್ಲ ಕೋಡ್ ಬ್ಲಾಕ್‌ಗಳಂತೆ ಇನ್ನೊಂದು ಕೋಡ್ ಬ್ಲಾಕ್. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಅಚ್ಚು ಹಾಕುತ್ತದೆ.

ಪರಿಹಾರ: ಚಿತ್ರವನ್ನು ಎಕ್ಸ್‌ಪೋರ್ಟ್ ಹೊತ್ತಿಗೇ ಹುಟ್ಟಿಸಬೇಕು. ಕೋಡ್ ಬ್ಲಾಕ್ ಕಂಡಾಗ ಅದನ್ನು ಎತ್ತಿಕೊಂಡು, ಡಯಾಗ್ರಾಂ ಪ್ರೋಗ್ರಾಂಗೆ ಕೊಟ್ಟು, ಬಂದ ಚಿತ್ರವನ್ನು ಆ ಜಾಗದಲ್ಲಿ ಇಡುವ ಒಂದು ಹಂತ ಮಧ್ಯೆ ಬೇಕು. ಆರ್ಗ್‌ನಲ್ಲಿ ಈ ಕೆಲಸ ಕೋಡ್ ಬ್ಲಾಕ್ ಓಡಿಸುವ ಭಾಗವಾದ ಬೇಬಲ್‌ನದು, ಫಾರ್ಮ್ಯಾಟ್ ಪರಿವರ್ತಿಸುವ ಪ್ರೋಗ್ರಾಂ ಪ್ಯಾನ್‌ಡಾಕ್‌ನಲ್ಲಿ ಫಿಲ್ಟರ್‌ನದು, ಆಸ್ಕಿಡಾಕ್ ಓದುವ ಪ್ರೋಗ್ರಾಂ ಆಸ್ಕಿಡಾಕ್ಟರ್‌ನಲ್ಲಿ ಡಯಾಗ್ರಾಂ ಎಕ್ಸ್‌ಟೆನ್ಶನ್‌ನದು.

ಬರೀ ವೆಬ್‌ಗೆ ಬರೆಯುವವರೂ ಈ ಹಂತ ಸೇರಿಸಿಕೊಳ್ಳುವುದು ಒಳ್ಳೆಯದು. ಓದುಗರ ಕಡೆ ಸ್ಕ್ರಿಪ್ಟ್ ಓಡದಿದ್ದರೂ ಚಿತ್ರ ಕಾಣುತ್ತದೆ, ಪುಟವೂ ಹಗುರವಾಗುತ್ತದೆ.

## ಎಸ್‌ವಿಜಿ, ಪಿಡಿಎಫ್, ಪಿಎನ್‌ಜಿ: ಎಲ್ಲಿಗೆ ಯಾವುದು?

ವೆಬ್‌ಗೆ ಎಸ್‌ವಿಜಿ. ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ, ಒಳಗಿನ ಅಕ್ಷರವನ್ನು ಹುಡುಕಬಹುದು. ಇ-ಪುಸ್ತಕದ ಇಪಬ್ 3 ಫಾರ್ಮ್ಯಾಟ್‌ಗೂ ಎಸ್‌ವಿಜಿ ಸರಿ, ಆ ಮಾನದಂಡವೇ ಅದನ್ನು ಒಪ್ಪಿದೆ.

ಲೇಟೆಕ್ ಮೂಲಕ ಮಾಡುವ ಪಿಡಿಎಫ್‌ಗೆ ಚಿತ್ರವೂ ಪಿಡಿಎಫ್ ಆಗಿರಲಿ. ಲೇಟೆಕ್‌ಗೆ ಎಸ್‌ವಿಜಿಯನ್ನು ನೇರವಾಗಿ ಸೇರಿಸಲು ಬರುವುದಿಲ್ಲ. ಎಸ್‌ವಿಜಿ ಹೆಸರಿನ ಪ್ಯಾಕೇಜ್ ಒಂದಿದೆ, ಆದರೆ ಅದು ಹಿಂದಿನಿಂದ ಇಂಕ್‌ಸ್ಕೇಪ್ ಅನ್ನು ಕರೆಯುತ್ತದೆ, ಅದಕ್ಕೆ ‘ಶೆಲ್ ಎಸ್ಕೇಪ್’, ಅಂದರೆ ಹೊರಗಿನ ಪ್ರೋಗ್ರಾಂ ಓಡಿಸುವ ಅನುಮತಿ ಕೊಡಬೇಕು. ಪ್ಯಾನ್‌ಡಾಕ್ ಇದೇ ಪರಿವರ್ತನೆಗೆ ಆರ್‌ಎಸ್‌ವಿಜಿ-ಕನ್ವರ್ಟ್ ಪ್ರೋಗ್ರಾಂ ಹುಡುಕುತ್ತದೆ. ಗ್ರಾಫ್‌ವಿಜ್ ನೇರವಾಗಿ ಪಿಡಿಎಫ್ ಕೊಡುವಾಗ ಈ ಸುತ್ತು ದಾರಿ ಯಾಕೆ?

ವರ್ಡ್‌ನ ಹೊಸ ಆವೃತ್ತಿಗಳು ಎಸ್‌ವಿಜಿ ತೋರಿಸುತ್ತವೆ, ಹಳೆಯವು ತೋರಿಸುವುದಿಲ್ಲ. ಫೈಲ್ ಯಾರ ಕೈಗೆ ಹೋಗುತ್ತದೋ ಗೊತ್ತಿಲ್ಲದಿದ್ದರೆ 300 ಡಿಪಿಐ (ಒಂದು ಇಂಚಿಗೆ 300 ಪಿಕ್ಸೆಲ್) ಪಿಎನ್‌ಜಿ ಕೊಡಿ. ಎ4 ಹಾಳೆ 210 ಮಿಲಿಮೀಟರ್ ಅಗಲ. ಎರಡೂ ಕಡೆ 25 ಮಿಲಿಮೀಟರ್ ಅಂಚು ಬಿಟ್ಟರೆ 160 ಮಿಲಿಮೀಟರ್, ಅಂದರೆ ಸುಮಾರು 6.3 ಇಂಚು ಉಳಿಯುತ್ತದೆ. 300 ಡಿಪಿಐಯಲ್ಲಿ ಅದು ಸುಮಾರು 1890 ಪಿಕ್ಸೆಲ್. ಗ್ರಾಫ್‌ವಿಜ್ ಸುಮ್ನೆ ಬಿಟ್ಟರೆ ಪಿಎನ್‌ಜಿಯನ್ನು 96 ಡಿಪಿಐಯಲ್ಲಿ ಮಾಡುತ್ತದೆ. ಪರದೆಗೆ ಅದು ಸಾಕು, ಕಾಗದದ ಮೇಲೆ ಮಸುಕು. ‘ಡಿಪಿಐ’ ಗುಣವನ್ನು 300 ಎಂದು ಕೊಡುವುದನ್ನು ಮರೆಯಬೇಡಿ.

## ಆರ್ಗ್ ಮೋಡ್‌ನಲ್ಲಿ ಇದನ್ನು ಹೇಗೆ ಮಾಡುವುದು?

ಈಮ್ಯಾಕ್ಸ್ ಎಡಿಟರ್‌ನ ಆರ್ಗ್‌ನಲ್ಲಿ ಬೇಕಾದದ್ದು ಬಹುಪಾಲು ಒಳಗೇ ಇದೆ. ಸೋರ್ಸ್ ಬ್ಲಾಕ್ ಶುರುವಾಗುವ ಸಾಲಿನಲ್ಲಿ ಭಾಷೆಯ ಹೆಸರು ‘ಡಾಟ್’, ಆಮೇಲೆ ‘ಫೈಲ್’ ಎಂಬ ಹೆಡರ್, ಅದರ ಮುಂದೆ ಚಿತ್ರದ ಫೈಲ್ ಹೆಸರು. ಹೆಸರಿನ ಕೊನೆಯ ಎಕ್ಸ್‌ಟೆನ್ಶನ್ ನೋಡಿ ಬೇಬಲ್ ಫಾರ್ಮ್ಯಾಟ್ ಊಹಿಸುತ್ತದೆ. ಬ್ಲಾಕ್ ಒಳಗೆ ಕರ್ಸರ್ ಇಟ್ಟು ಕಂಟ್ರೋಲ್-ಸಿ ಎರಡು ಸಲ ಒತ್ತಿದರೆ ಚಿತ್ರ ತಯಾರು, ಕೆಳಗೆ ಅದರ ಕೊಂಡಿ.

ಮೊದಲ ಸಲ ಎಲ್ಲರೂ ನಿಲ್ಲುವ ಜಾಗ ಒಂದಿದೆ. ಬೇಬಲ್‌ನಲ್ಲಿ ಮೊದಲಿಗೆ ಚಾಲೂ ಇರುವುದು ಈಮ್ಯಾಕ್ಸ್‌ನ ಸ್ವಂತ ಭಾಷೆಯಾದ ಈಮ್ಯಾಕ್ಸ್ ಲಿಸ್ಪ್ ಮಾತ್ರ. ‘ಆರ್ಗ್-ಬೇಬಲ್-ಲೋಡ್-ಲ್ಯಾಂಗ್ವೇಜಸ್’ ಪಟ್ಟಿಗೆ ಡಾಟ್, ಪ್ಲಾಂಟ್‌ಯುಎಂಎಲ್ ಇವನ್ನೆಲ್ಲ ನೀವೇ ಸೇರಿಸಬೇಕು. ಪ್ಲಾಂಟ್‌ಯುಎಂಎಲ್ ಅನ್ನು ಜಾರ್ ಫೈಲ್ (ಜಾವಾ ಪ್ರೋಗ್ರಾಂನ ಫೈಲ್) ಮೂಲಕ ಓಡಿಸುವುದಾದರೆ ಆ ಫೈಲ್ ಎಲ್ಲಿದೆ ಎಂದೂ ಹೇಳಬೇಕು. ಮರ್ಮೇಡ್‌ಗೆ ಪ್ರತ್ಯೇಕ ಪ್ಯಾಕೇಜ್ ಹಾಕಿಕೊಳ್ಳಬೇಕು.

ಈಗ ಮುಖ್ಯ ವಿಷಯ. ‘ಫೈಲ್’ ಹೆಡರ್‌ನಲ್ಲಿ ಒಂದೇ ಹೆಸರನ್ನು ಗಟ್ಟಿಯಾಗಿ ಬರೆದುಬಿಟ್ಟರೆ ಎಲ್ಲ ಎಕ್ಸ್‌ಪೋರ್ಟ್‌ಗೂ ಅದೇ ಫಾರ್ಮ್ಯಾಟ್ ಹೋಗುತ್ತದೆ. ಆದರೆ ಹೆಡರ್‌ನ ಬೆಲೆಯಾಗಿ ಒಂದು ಲಿಸ್ಪ್ ತುಣುಕನ್ನೂ ಕೊಡಬಹುದು. ಎಕ್ಸ್‌ಪೋರ್ಟ್ ನಡೆಯುವಾಗ ‘ಆರ್ಗ್-ಎಕ್ಸ್‌ಪೋರ್ಟ್-ಕರೆಂಟ್-ಬ್ಯಾಕೆಂಡ್’ ಎಂಬ ವೇರಿಯಬಲ್‌ನಲ್ಲಿ ಈಗ ಯಾವ ಔಟ್‌ಪುಟ್ ಎಂಬುದು ಇರುತ್ತದೆ. ಅದು ಲೇಟೆಕ್ ಆದರೆ ಪಿಡಿಎಫ್ ಹೆಸರು ಕೊಡು, ಎಚ್‌ಟಿಎಂಎಲ್ ಆದರೆ ಎಸ್‌ವಿಜಿ ಹೆಸರು ಕೊಡು, ಬೇರೆ ಏನೇ ಆದರೂ ಪಿಎನ್‌ಜಿ ಕೊಡು ಎಂದು ಒಂದು ಸಣ್ಣ ಫಂಕ್ಷನ್ ಬರೆದಿಟ್ಟುಕೊಂಡರೆ ಎಲ್ಲ ಬ್ಲಾಕ್‌ಗಳಲ್ಲೂ ಅದನ್ನೇ ಕರೆಯಬಹುದು. ಇದೊಂದನ್ನು ಮಾಡಿಕೊಂಡ ಮೇಲೆ ಆರ್ಗ್‌ನಲ್ಲಿ ಬರೆಯುವ ಸುಖವೇ ಬೇರೆ.

ಓದುಗರಿಗೆ ಕೋಡೂ ಕಾಣಬೇಕು, ಚಿತ್ರವೂ ಕಾಣಬೇಕು ಅನ್ನುವ ಪಾಠದಂಥ ಬರಹವಾದರೆ ‘ಎಕ್ಸ್‌ಪೋರ್ಟ್ಸ್’ ಹೆಡರ್‌ಗೆ ‘ಬೋತ್’ ಕೊಡಿ. ಚಿತ್ರ ಮಾತ್ರ ಸಾಕಾದರೆ ‘ರಿಸಲ್ಟ್ಸ್’.

## ಮಾರ್ಕ್‌ಡೌನ್ ಮತ್ತು ಪ್ಯಾನ್‌ಡಾಕ್ ಬಳಸುವವರು ಏನು ಮಾಡಬೇಕು?

ಎರಡು ದಾರಿ ಇವೆ.

ಸರಳ ದಾರಿಯಲ್ಲಿ ಚಿತ್ರದ ಕೋಡ್ ಬೇರೆ ಫೈಲ್‌ನಲ್ಲಿರುತ್ತದೆ. ಮೇಕ್ ಎಂಬ, ಫೈಲ್‌ಗಳನ್ನು ತಾನಾಗಿ ತಯಾರಿಸುವ ಪ್ರೋಗ್ರಾಂ ಬಳಸಿ ಪ್ರತಿ ಡಾಟ್ ಫೈಲ್‌ನಿಂದ ಎಸ್‌ವಿಜಿಯನ್ನೂ ಪಿಡಿಎಫ್ ಅನ್ನೂ ಮಾಡಿಟ್ಟುಕೊಳ್ಳುತ್ತೀರಿ. ಮಾರ್ಕ್‌ಡೌನ್‌ನಲ್ಲಿ ಚಿತ್ರದ ಕೊಂಡಿ ಬರೆಯುವಾಗ ಎಕ್ಸ್‌ಟೆನ್ಶನ್ ಬಿಟ್ಟು ಬರೀ ಹೆಸರು ಬರೆಯಿರಿ. ಪ್ಯಾನ್‌ಡಾಕ್‌ಗೆ ‘ಡೀಫಾಲ್ಟ್-ಇಮೇಜ್-ಎಕ್ಸ್‌ಟೆನ್ಶನ್’ ಎಂಬ ಆಯ್ಕೆ ಇದೆ. ವೆಬ್‌ಗೆ ಓಡಿಸುವಾಗ ಎಸ್‌ವಿಜಿ ಎಂದೂ, ಲೇಟೆಕ್‌ಗೆ ಓಡಿಸುವಾಗ ಪಿಡಿಎಫ್ ಎಂದೂ ಕೊಟ್ಟರೆ ಆಯಿತು. ಬರಹದಲ್ಲಿ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ. ಈ ಆಯ್ಕೆ ಹಲವರ ಕಣ್ಣಿಗೆ ಬಿದ್ದಿಲ್ಲ, ಆದರೆ ಬಹಳ ಉಪಯೋಗದ್ದು.

ಇನ್ನೊಂದು ದಾರಿ ಲುವಾ ಫಿಲ್ಟರ್, ಅಂದರೆ ಪರಿವರ್ತನೆಯ ಮಧ್ಯೆ ಬರಹವನ್ನು ಬದಲಿಸುವ, ಲುವಾ ಭಾಷೆಯ ಸಣ್ಣ ಪ್ರೋಗ್ರಾಂ. ಲುವಾ ಪ್ಯಾನ್‌ಡಾಕ್‌ನ ಒಳಗೇ ಇದೆ, ಪ್ರತ್ಯೇಕವಾಗಿ ಏನೂ ಹಾಕಿಕೊಳ್ಳಬೇಕಿಲ್ಲ. ಫಿಲ್ಟರ್ ಪ್ರತಿ ಕೋಡ್ ಬ್ಲಾಕನ್ನೂ ನೋಡುತ್ತದೆ. ಬ್ಲಾಕ್‌ನ ಕ್ಲಾಸ್ ‘ಡಾಟ್’ ಆಗಿದ್ದರೆ ಒಳಗಿನ ಪಠ್ಯವನ್ನು ಗ್ರಾಫ್‌ವಿಜ್‌ಗೆ ಕೊಡುತ್ತದೆ, ಬಂದ ಚಿತ್ರವನ್ನು ಪ್ಯಾನ್‌ಡಾಕ್ ಚಿತ್ರಗಳನ್ನಿಡುವ ಮೀಡಿಯಾಬ್ಯಾಗ್‌ಗೆ ಸೇರಿಸುತ್ತದೆ, ಬ್ಲಾಕ್‌ನ ಬದಲು ಚಿತ್ರವನ್ನು ಹಿಂದಿರುಗಿಸುತ್ತದೆ. ಈಗ ಯಾವ ಔಟ್‌ಪುಟ್ ಎಂಬುದು ಫಿಲ್ಟರ್‌ಗೆ ‘ಫಾರ್ಮ್ಯಾಟ್’ ಎಂಬ ವೇರಿಯಬಲ್‌ನಲ್ಲಿ ಗೊತ್ತಾಗುತ್ತದೆ. ಅದನ್ನು ನೋಡಿ ಎಸ್‌ವಿಜಿಯೋ ಪಿಡಿಎಫೋ ತೀರ್ಮಾನಿಸಬಹುದು. ಸುಮಾರಾಗಿ ಪ್ರೋಗ್ರಾಂ ಬರೆಯಲು ಬರುವವರಿಗೆ ಇದು ಒಂದು ಸಂಜೆಯ ಕೆಲಸ. ತಯಾರಾದ ಫಿಲ್ಟರ್‌ಗಳೂ ಸಿಗುತ್ತವೆ.

ಚಿತ್ರಗಳು ಐದಾರು ಇದ್ದರೆ ಮೊದಲ ದಾರಿ ಸಾಕು. ಪ್ರತಿ ಅಧ್ಯಾಯದಲ್ಲೂ ಚಿತ್ರಗಳಿದ್ದರೆ ಫಿಲ್ಟರ್ ಮಾಡಿಕೊಳ್ಳಿ, ಕೋಡ್ ಬರಹದೊಳಗೇ ಇರುತ್ತದೆ.

## ಆಸ್ಕಿಡಾಕ್, ಸ್ಫಿಂಕ್ಸ್, ಕ್ವಾರ್ಟೊ?

ಸ್ಫಿಂಕ್ಸ್, ಕ್ವಾರ್ಟೊ ಕೂಡ ಸಾದಾ ಪಠ್ಯದಿಂದ ಹಲವು ಫಾರ್ಮ್ಯಾಟ್ ತೆಗೆಯುವ ಪ್ರೋಗ್ರಾಂಗಳು. ಮೂರರಲ್ಲೂ ವ್ಯವಸ್ಥೆ ಇದೆ. ಆಸ್ಕಿಡಾಕ್ಟರ್ ಡಯಾಗ್ರಾಂ ಎಕ್ಸ್‌ಟೆನ್ಶನ್ ಹತ್ತಾರು ಡಯಾಗ್ರಾಂ ಭಾಷೆಗಳನ್ನು ಅರ್ಥ ಮಾಡಿಕೊಳ್ಳುತ್ತದೆ. ಬ್ಲಾಕ್‌ನ ತಲೆಯಲ್ಲಿ ಭಾಷೆ, ಫೈಲ್ ಹೆಸರು, ಫಾರ್ಮ್ಯಾಟ್ ಬರೆದರೆ ಆಯಿತು. ಸ್ಫಿಂಕ್ಸ್‌ನ ಜೊತೆಗೇ ಗ್ರಾಫ್‌ವಿಜ್ ಎಕ್ಸ್‌ಟೆನ್ಶನ್ ಬರುತ್ತದೆ, ಅದರಲ್ಲಿ ವೆಬ್‌ಗೆ ಪಿಎನ್‌ಜಿ ಬೇಕೋ ಎಸ್‌ವಿಜಿ ಬೇಕೋ ಎಂದು ಕಾನ್ಫಿಗರೇಶನ್ ಫೈಲಿನಲ್ಲಿ ಹೇಳಬಹುದು. ಕ್ವಾರ್ಟೊ ಡಾಟ್ ಮತ್ತು ಮರ್ಮೇಡ್ ಎರಡನ್ನೂ ಸ್ವತಃ ಒಪ್ಪುತ್ತದೆ, ಪಿಡಿಎಫ್ ಮತ್ತು ವರ್ಡ್‌ಗೆ ಚಿತ್ರ ತೆಗೆಯಲು ಹಿಂದಿನಿಂದ ಕ್ರೋಮ್ ಬಳಸುತ್ತದೆ.

## ಮರ್ಮೇಡ್ ಚಿತ್ರ ಬಂತು, ಆದರೆ ಬಾಕ್ಸ್‌ಗಳೆಲ್ಲ ಖಾಲಿ. ಅಕ್ಷರ ಎಲ್ಲಿ ಹೋಯಿತು?

ಎಸ್‌ವಿಜಿಯನ್ನು ಇಂಕ್‌ಸ್ಕೇಪ್‌ನಲ್ಲಿ ತೆರೆದಾಗ, ಅಥವಾ ಆರ್‌ಎಸ್‌ವಿಜಿ-ಕನ್ವರ್ಟ್ ಮೂಲಕ ಪಿಡಿಎಫ್ ಮಾಡಿದಾಗ ಹೀಗಾಗುತ್ತದೆ. ಮರ್ಮೇಡ್ ಫ್ಲೋಚಾರ್ಟ್‌ನ ಲೇಬಲ್‌ಗಳನ್ನು ಎಚ್‌ಟಿಎಂಎಲ್ ಆಗಿ ಬರೆದು, ಎಸ್‌ವಿಜಿಯೊಳಗೆ ‘ಫಾರಿನ್‌ಆಬ್ಜೆಕ್ಟ್’ ಎಂಬ ಟ್ಯಾಗ್‌ನಲ್ಲಿ ಇಡುತ್ತದೆ. ಬ್ರೌಸರ್‌ಗೆ ಎಚ್‌ಟಿಎಂಎಲ್ ಗೊತ್ತು, ಹಾಗಾಗಿ ಅಲ್ಲಿ ಅಕ್ಷರ ಕಾಣುತ್ತದೆ. ಬೇರೆ ಪ್ರೋಗ್ರಾಂಗಳು ಆ ಟ್ಯಾಗನ್ನು ಬಿಟ್ಟು ಮುಂದೆ ಹೋಗುತ್ತವೆ, ಬಾಕ್ಸ್ ಮತ್ತು ಬಾಣ ಮಾತ್ರ ಉಳಿಯುತ್ತವೆ.

ಮರ್ಮೇಡ್ ಕಾನ್ಫಿಗರೇಶನ್‌ನಲ್ಲಿ ‘ಎಚ್‌ಟಿಎಂಎಲ್‌ಲೇಬಲ್ಸ್’ ಅನ್ನು ‘ಫಾಲ್ಸ್’ ಮಾಡಿದರೆ ಅಕ್ಷರಗಳು ನಿಜವಾದ ಎಸ್‌ವಿಜಿ ಪಠ್ಯವಾಗುತ್ತವೆ. ಅಥವಾ ಮರ್ಮೇಡ್‌ನ ಕಮಾಂಡ್ ಲೈನ್ ಪ್ರೋಗ್ರಾಂನಿಂದ ನೇರವಾಗಿ ಪಿಡಿಎಫ್ ಅಥವಾ ಪಿಎನ್‌ಜಿ ತೆಗೆಯಿರಿ. ಅದು ಒಳಗೆ ಕ್ರೋಮಿಯಂ ಬ್ರೌಸರ್ ಅನ್ನೇ ಪರದೆಯಿಲ್ಲದೆ ಓಡಿಸುವುದರಿಂದ ಅಕ್ಷರ ಬಿಟ್ಟುಹೋಗುವುದಿಲ್ಲ.

## ಕನ್ನಡ ಲೇಬಲ್‌ಗಳು ಒಡೆದುಹೋಗುತ್ತವೆ, ಬಾಕ್ಸ್‌ನಿಂದ ಆಚೆ ಚಾಚುತ್ತವೆ. ಏನು ಮಾಡಲಿ?

ಮೂರು ಬೇರೆ ಬೇರೆ ತೊಂದರೆಗಳು ಒಂದೇ ಥರ ಕಾಣುತ್ತವೆ. ಒಂದೊಂದಾಗಿ ನೋಡಿ.

ಮೊದಲು ಫಾಂಟ್. ಗ್ರಾಫ್‌ವಿಜ್‌ನ ಡೀಫಾಲ್ಟ್ ಫಾಂಟ್ ಟೈಮ್ಸ್ ರೋಮನ್, ಅದರಲ್ಲಿ ಕನ್ನಡ ಇಲ್ಲ. ಸಿಸ್ಟಂ ತನಗೆ ಸಿಕ್ಕ ಯಾವುದೋ ಕನ್ನಡ ಫಾಂಟ್ ಹಾಕುತ್ತದೆ, ಒಂದೂ ಸಿಗದಿದ್ದರೆ ಖಾಲಿ ಚೌಕ ಬರುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಒಂದು ಫಾಂಟ್ ಹಾಕಿಕೊಂಡು, ‘ಫಾಂಟ್‌ನೇಮ್’ ಗುಣದಲ್ಲಿ ಅದರ ಹೆಸರು ಕೊಡಿ. ಗ್ರಾಫ್ (ಇಡೀ ಚಿತ್ರ), ನೋಡ್ (ಆಕೃತಿ), ಎಡ್ಜ್ (ಬಾಣ) ಮೂರಕ್ಕೂ ಬೇರೆ ಬೇರೆಯಾಗಿ ಕೊಡಬೇಕು. ನೋಡ್‌ಗೆ ಮಾತ್ರ ಕೊಟ್ಟು ಬಿಟ್ಟರೆ ಬಾಣದ ಮೇಲಿನ ಅಕ್ಷರಗಳು ಹಳೆಯ ಫಾಂಟ್‌ನಲ್ಲೇ ಉಳಿಯುತ್ತವೆ.

ಎರಡನೆಯದು ಒತ್ತಕ್ಷರ. ‘ಪ್ರಕಟಣೆ’ಯ ಮೊದಲ ಅಕ್ಷರ ಯೂನಿಕೋಡ್‌ನಲ್ಲಿ ಪ, ಹಲಂತ ಚಿಹ್ನೆ, ರ ಎಂದು ಮೂರು ಸಂಕೇತ. ಅವು ಕೂಡಿ ಒಂದು ಅಕ್ಷರವಾಗಿ ಕಾಣಬೇಕಾದರೆ ಹಾರ್ಫ್‌ಬಜ್‌ನಂಥ ಷೇಪಿಂಗ್ ಎಂಜಿನ್ ಬೇಕು. ಪ್ಯಾಂಗೊ ಮತ್ತು ಕೈರೊ ಎಂಬ ಲೈಬ್ರರಿಗಳನ್ನು ಸೇರಿಸಿ ಕಟ್ಟಿದ ಗ್ರಾಫ್‌ವಿಜ್‌ಗೆ ಇದು ಬರುತ್ತದೆ. ಟಿಕ್‌ಜ್ ಬಳಸುವವರ ಲೇಬಲ್‌ಗಳನ್ನು ಲೇಟೆಕ್ ಎಂಜಿನ್ನೇ ಜೋಡಿಸುವುದರಿಂದ ಅಲ್ಲಿ ಜೀಲೇಟೆಕ್ ಬೇಕು, ಅಥವಾ ಹಾರ್ಫ್‌ಬಜ್ ಆಯ್ಕೆಯೊಂದಿಗೆ ಲುವಾಲೇಟೆಕ್. ಪ್ಲಾಂಟ್‌ಯುಎಂಎಲ್‌ನಲ್ಲಿ ಕನ್ನಡ ಹೆಸರುಗಳಿಗೆ ಯಾವಾಗಲೂ ಕೋಟ್ ಹಾಕಿ.

ಮೂರನೆಯದು ಅಗಲ, ಇದೇ ಹೆಚ್ಚು ಗೊಂದಲ ಮಾಡುವುದು. ಗ್ರಾಫ್‌ವಿಜ್ ಬಾಕ್ಸ್‌ನ ಅಗಲವನ್ನು ನಿಮ್ಮ ಕಂಪ್ಯೂಟರ್‌ನ ಫಾಂಟ್‌ನಲ್ಲಿ ಅಳೆಯುತ್ತದೆ. ಮಾಮೂಲಿ ಎಸ್‌ವಿಜಿಯಲ್ಲಿ ಬಾಕ್ಸ್ ಗೆರೆಯಾಗಿ ಹೋಗುತ್ತದೆ, ಅಕ್ಷರ ಮಾತ್ರ ಪಠ್ಯವಾಗಿಯೇ ಹೋಗುತ್ತದೆ. ಓದುಗರ ಕಡೆ ಆ ಫಾಂಟ್ ಇಲ್ಲದಿದ್ದರೆ ಬೇರೆ ಫಾಂಟ್ ಬಂದು ಕೂರುತ್ತದೆ, ಅದು ಅಗಲವಾಗಿದ್ದರೆ ಅಕ್ಷರ ಬಾಕ್ಸ್ ದಾಟುತ್ತದೆ. ಇದಕ್ಕೆ ಔಟ್‌ಪುಟ್ ಫಾರ್ಮ್ಯಾಟ್ ಹೇಳುವಲ್ಲಿ ‘ಎಸ್‌ವಿಜಿ’ ಬದಲು ‘ಎಸ್‌ವಿಜಿ:ಕೈರೊ’ ಎಂದು ಕೊಡಿ. ಆಗ ಅಕ್ಷರಗಳೂ ಗೆರೆಗಳಾಗಿ ಹೋಗುತ್ತವೆ, ಎಲ್ಲರಿಗೂ ಒಂದೇ ಥರ ಕಾಣುತ್ತವೆ. ಇದರ ಬೆಲೆ ಏನೆಂದರೆ, ಆ ಅಕ್ಷರಗಳನ್ನು ಹುಡುಕಲು, ಕಾಪಿ ಮಾಡಲು ಆಗುವುದಿಲ್ಲ. ಪುಟದಲ್ಲಿ ವೆಬ್ ಫಾಂಟ್ ಕೊಡುವ ಅನುಕೂಲ ಇದ್ದರೆ, ಎಸ್‌ವಿಜಿಯನ್ನು ಪುಟದೊಳಗೇ ಸೇರಿಸಿ ಪಠ್ಯವನ್ನು ಉಳಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಮೇಲು. ಪಿಡಿಎಫ್‌ನಲ್ಲಿ ಈ ತಲೆನೋವಿಲ್ಲ, ಫಾಂಟ್ ಚಿತ್ರದ ಒಳಗೇ ಸೇರಿಕೊಂಡಿರುತ್ತದೆ.

## ಪಿಡಿಎಫ್‌ನಲ್ಲಿ ಚಿತ್ರದ ಅಕ್ಷರ ಓದಲಾಗದಷ್ಟು ಚಿಕ್ಕದು. ಯಾಕೆ?

ಚಿತ್ರ ಪುಟಕ್ಕಿಂತ ಅಗಲ ಇದೆ, ಅದನ್ನು ಕುಗ್ಗಿಸಿ ಕೂರಿಸಲಾಗಿದೆ. ಲೆಕ್ಕ ನೋಡಿ: 18 ಇಂಚು ಅಗಲದ ಚಿತ್ರವನ್ನು 6 ಇಂಚಿಗೆ ಕುಗ್ಗಿಸಿದರೆ 14 ಪಾಯಿಂಟ್ ಅಕ್ಷರ 5 ಪಾಯಿಂಟ್‌ಗಿಂತ ಕೆಳಗೆ ಇಳಿಯುತ್ತದೆ. ಫಾಂಟ್ ಸೈಜ್ ದೊಡ್ಡದು ಮಾಡಿ ಪ್ರಯೋಜನವಿಲ್ಲ, ಬಾಕ್ಸ್‌ಗಳೂ ಜೊತೆಗೇ ದೊಡ್ಡದಾಗಿ ಚಿತ್ರ ಇನ್ನೂ ಅಗಲವಾಗುತ್ತದೆ. ‘ರ‍್ಯಾಂಕ್‌ಡಿರ್’ ಬದಲಿಸಿ ಅಡ್ಡ ಹರಿಯುವುದನ್ನು ಉದ್ದಕ್ಕೆ ಹರಿಸಿ. ಉದ್ದದ ಲೇಬಲ್‌ಗಳನ್ನು ಎರಡು ಸಾಲಿಗೆ ಮುರಿಯಿರಿ. ಆಗಲೂ ಹಿಡಿಸದಿದ್ದರೆ ಅದು ಎರಡು ಚಿತ್ರ ಆಗಬೇಕಾದ ಚಿತ್ರ.

ಪ್ಲಾಂಟ್‌ಯುಎಂಎಲ್‌ನ ಪಿಎನ್‌ಜಿ ಬಲಗಡೆ ಅಥವಾ ಕೆಳಗಡೆ ಕತ್ತರಿಸಿ ಹೋಗಿದ್ದರೆ ಕಾರಣ ಬೇರೆ. ಅದು 4096 ಪಿಕ್ಸೆಲ್‌ಗೆ ಮಿತಿ ಹಾಕಿಕೊಂಡಿದೆ. ‘ಪ್ಲಾಂಟ್‌ಯುಎಂಎಲ್_ಲಿಮಿಟ್_ಸೈಜ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಮಿತಿ ಏರಿಸಿ, ಅಥವಾ ಎಸ್‌ವಿಜಿ ತೆಗೆಯಿರಿ.

## ಒಂದು ಬಾಕ್ಸ್ ಸೇರಿಸಿದ್ದಕ್ಕೆ ಇಡೀ ಚಿತ್ರ ಅದಲುಬದಲಾಯಿತು. ತಡೆಯಬಹುದಾ?

ಪೂರ್ತಿ ತಡೆಯಲಾಗದು, ಜಾಗ ಗೊತ್ತುಮಾಡುವುದು ಪ್ರೋಗ್ರಾಂನ ಕೆಲಸ. ಸ್ವಲ್ಪ ಹತೋಟಿಗೆ ತರಬಹುದು. ಒಂದೇ ಸಾಲಿನಲ್ಲಿ ಇರಬೇಕಾದವನ್ನು ‘ರ‍್ಯಾಂಕ್’ ಗುಣಕ್ಕೆ ‘ಸೇಮ್’ ಕೊಟ್ಟು ಕಟ್ಟಿಹಾಕಿ. ಹಿಂದಕ್ಕೆ ಬರುವ ಬಾಣ, ನಮ್ಮ ಉದಾಹರಣೆಯಲ್ಲಿ ಪರಿಶೀಲನೆಯಿಂದ ಕರಡಿಗೆ ಬರುವಂಥದ್ದು, ವಿನ್ಯಾಸ ಕೆಡಿಸುತ್ತಿದ್ದರೆ ಅದಕ್ಕೆ ‘ಕಾನ್‌ಸ್ಟ್ರೇಂಟ್’ ಅನ್ನು ‘ಫಾಲ್ಸ್’ ಮಾಡಿ. ಬಾಣ ಕಾಣುತ್ತದೆ, ಜಾಗದ ಲೆಕ್ಕಕ್ಕೆ ಮಾತ್ರ ಬರುವುದಿಲ್ಲ. ಮುಖ್ಯ ದಾರಿ ನೆಟ್ಟಗಿರಬೇಕಾದರೆ ಆ ಬಾಣಗಳಿಗೆ ‘ವೇಟ್’ ಜಾಸ್ತಿ ಕೊಡಿ. ಇಷ್ಟಕ್ಕಿಂತ ಜಾಸ್ತಿ ಹೊಡೆದಾಡಬೇಡಿ.

## ಚಿತ್ರಗಳು ಹೆಚ್ಚಾದಂತೆ ಎಕ್ಸ್‌ಪೋರ್ಟ್ ನಿಧಾನ. ಬೇಗ ಮಾಡುವುದು ಹೇಗೆ?

ಬದಲಾಗದ ಚಿತ್ರವನ್ನು ಮತ್ತೆ ಮಾಡಬೇಡಿ. ಗ್ರಾಫ್‌ವಿಜ್ ಹಗುರ, ಸಣ್ಣ ಚಿತ್ರಗಳಿಗೆ ಸಮಯವೇ ಹಿಡಿಯುವುದಿಲ್ಲ. ಪ್ಲಾಂಟ್‌ಯುಎಂಎಲ್ ಪ್ರತಿ ಚಿತ್ರಕ್ಕೂ ಜಾವಾ ಎಬ್ಬಿಸಬೇಕು, ಮರ್ಮೇಡ್ ಒಂದು ಬ್ರೌಸರನ್ನೇ ಎಬ್ಬಿಸಬೇಕು. ನಿಧಾನ ಇರುವುದು ಅಲ್ಲಿ.

ಆರ್ಗ್‌ನಲ್ಲಿ ‘ಕ್ಯಾಶ್’ ಹೆಡರ್‌ಗೆ ‘ಯೆಸ್’ ಕೊಟ್ಟರೆ ಬ್ಲಾಕ್ ಬದಲಾದಾಗ ಮಾತ್ರ ಮತ್ತೆ ಓಡುತ್ತದೆ. ಲುವಾ ಫಿಲ್ಟರ್ ಬರೆಯುವವರು ಕೋಡ್ ಪಠ್ಯದ ಶಾ-1 ಹ್ಯಾಶ್ (ಪಠ್ಯ ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ತೆಗೆದು ಅದನ್ನೇ ಫೈಲ್ ಹೆಸರು ಮಾಡಿ, ಆ ಹೆಸರಿನ ಫೈಲ್ ಇದ್ದರೆ ಅದನ್ನೇ ಬಳಸಿ. ಹ್ಯಾಶ್ ಲೆಕ್ಕಕ್ಕೆ ಫಾರ್ಮ್ಯಾಟ್ ಹೆಸರನ್ನೂ ಪ್ರೋಗ್ರಾಂನ ಆವೃತ್ತಿಯನ್ನೂ ಸೇರಿಸುವುದು ಒಳ್ಳೆಯದು.

## ತಯಾರಾದ ಚಿತ್ರಗಳನ್ನು ಗಿಟ್‌ಗೆ ಹಾಕಬೇಕಾ?

ಗಿಟ್ ಅಂದರೆ ಫೈಲ್‌ಗಳ ಬದಲಾವಣೆಗಳನ್ನು ದಾಖಲಿಸಿಡುವ ವ್ಯವಸ್ಥೆ. ಅದಕ್ಕೆ ಚಿತ್ರ ಹಾಕುವುದು ಸಾಮಾನ್ಯವಾಗಿ ಬೇಡ. ಕೋಡ್ ಇದ್ದರೆ ಚಿತ್ರ ಯಾವಾಗ ಬೇಕಾದರೂ ಬರುತ್ತದೆ. ಇನ್ನೊಂದು ಕಿರಿಕಿರಿಯೂ ಇದೆ: ಗ್ರಾಫ್‌ವಿಜ್ ಎಸ್‌ವಿಜಿಯ ತಲೆಯಲ್ಲಿ ತನ್ನ ಆವೃತ್ತಿ ಸಂಖ್ಯೆ ಬರೆಯುತ್ತದೆ. ಇಬ್ಬರ ಹತ್ತಿರ ಬೇರೆ ಬೇರೆ ಆವೃತ್ತಿ ಇದ್ದರೆ ಚಿತ್ರ ಒಂದೇ ಇದ್ದರೂ ಫೈಲ್ ಬದಲಾದಂತೆ ಕಾಣುತ್ತದೆ. ಎಲ್ಲರೂ ಒಂದೇ ಆವೃತ್ತಿ ಬಳಸುವಂತೆ ಒಂದು ಕಂಟೇನರ್ ಇಮೇಜ್ (ಪ್ರೋಗ್ರಾಂಗಳನ್ನು ಒಟ್ಟಿಗೆ ಕಟ್ಟಿಟ್ಟ ಪೊಟ್ಟಣ) ಮಾಡಿಟ್ಟುಕೊಂಡರೆ ಜಗಳವಿಲ್ಲ. ಓದುಗರು ಸೀದಾ ರೆಪೊಸಿಟರಿಯಲ್ಲೇ ಬರಹ ಓದುವುದಾದರೆ ಮಾತ್ರ ಚಿತ್ರಗಳನ್ನೂ ಹಾಕಿ.

## ಆನ್‌ಲೈನ್ ಸರ್ವರ್‌ಗೆ ಕೋಡ್ ಕಳಿಸಿ ಚಿತ್ರ ತರಿಸಿಕೊಳ್ಳಬಹುದಾ?

ಬಹುದು. ಕ್ರೋಕಿ ಅಂಥದ್ದೇ ಒಂದು ಸೇವೆ, ಹಲವು ಡಯಾಗ್ರಾಂ ಭಾಷೆಗಳಿಗೆ ಒಂದೇ ಬಾಗಿಲು. ಕೋಡನ್ನು ಕುಗ್ಗಿಸಿ, ಬೇಸ್‌64 ಎಂಬ ಅಕ್ಷರ ರೂಪಕ್ಕೆ ತಂದು ವೆಬ್ ವಿಳಾಸದಲ್ಲೇ ಕಳಿಸಬಹುದು. ಆದರೆ ಅದು ಗುಪ್ತಲಿಪಿ ಅಲ್ಲ. ಆ ವಿಳಾಸ ಸಿಕ್ಕ ಯಾರು ಬೇಕಾದರೂ ನಿಮ್ಮ ಚಿತ್ರದ ಪೂರ್ತಿ ಪಠ್ಯವನ್ನು ಬಿಚ್ಚಿ ಓದಬಹುದು. ಕಚೇರಿಯ ಒಳಗಿನ ಸರ್ವರ್‌ಗಳ ಹೆಸರು, ಜೋಡಣೆ ಇರುವ ಚಿತ್ರವನ್ನು ಸಾರ್ವಜನಿಕ ಸರ್ವರ್‌ಗೆ ದಯವಿಟ್ಟು ಕಳಿಸಬೇಡಿ. ಕ್ರೋಕಿಯನ್ನು ನಿಮ್ಮದೇ ಯಂತ್ರದಲ್ಲಿ ಓಡಿಸಬಹುದು.

ಬೇರೆಯವರು ಕೊಟ್ಟ ಆರ್ಗ್ ಫೈಲ್ ಎಕ್ಸ್‌ಪೋರ್ಟ್ ಮಾಡುವಾಗಲೂ ಎಚ್ಚರ ಬೇಕು. ಡಾಟ್ ಬ್ಲಾಕ್ ಪಕ್ಕದಲ್ಲಿ ಒಂದು ಶೆಲ್ ಬ್ಲಾಕ್ ಇದ್ದರೆ ಅದೂ ಓಡಬಹುದು. ಆರ್ಗ್ ಪ್ರತಿ ಬ್ಲಾಕ್‌ಗೂ ಓಡಿಸಲೇ ಎಂದು ಕೇಳುವುದು ಇದಕ್ಕೇ. ಆ ಪ್ರಶ್ನೆ ಬೇಸರ ಅನ್ನಿಸಿದರೆ ಡಾಟ್‌ನಂಥ ಚಿತ್ರದ ಭಾಷೆಗಳಿಗೆ ಮಾತ್ರ ನಿಲ್ಲಿಸಿ, ಎಲ್ಲಕ್ಕೂ ನಿಲ್ಲಿಸಬೇಡಿ.

## ಚಿತ್ರ ನೋಡಲಾಗದ ಓದುಗರಿಗೆ ಏನು ಮಾಡಬೇಕು?

ಪ್ರತಿ ಚಿತ್ರಕ್ಕೂ ಪರ್ಯಾಯ ಪಠ್ಯ ಬರೆಯಿರಿ. ‘ಫ್ಲೋಚಾರ್ಟ್’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಕರಡು ಪರಿಶೀಲನೆಗೆ ಹೋಗುತ್ತದೆ, ಅಲ್ಲಿಂದ ಪ್ರಕಟಣೆಗೆ ಹೋಗುತ್ತದೆ ಅಥವಾ ತಿದ್ದಲು ಕರಡಿಗೇ ಮರಳುತ್ತದೆ’ ಎಂದು ಬರೆದರೆ ಚಿತ್ರ ಕಾಣದವರಿಗೂ ವಿಷಯ ಸಿಕ್ಕಿತು. ಗ್ರಾಫ್‌ವಿಜ್ ಎಸ್‌ವಿಜಿಯಲ್ಲಿ ಪ್ರತಿ ನೋಡ್‌ನ ಹೆಸರನ್ನು ಶೀರ್ಷಿಕೆಯಾಗಿ ಸೇರಿಸುತ್ತದೆ. ಆದ್ದರಿಂದ ನೋಡ್‌ಗಳಿಗೆ ‘ಎನ್1’, ‘ಎನ್2’ ಅನ್ನುವ ಬದಲು ಅರ್ಥ ಇರುವ ಹೆಸರಿಡಿ.

ಬಣ್ಣದಲ್ಲೇ ಎಲ್ಲವನ್ನೂ ಹೇಳಬೇಡಿ. ಕಪ್ಪು ಬಿಳುಪು ಮುದ್ರಣದಲ್ಲಿ ಕೆಂಪೂ ಹಸಿರೂ ಒಂದೇ ಥರದ ಬೂದಾಗಿ ಕಾಣಬಹುದು. ತುಂಡುಗೆರೆ, ದಪ್ಪ ಗೆರೆ, ಬೇರೆ ಆಕೃತಿ ಬಳಸಿ. ಹಿನ್ನೆಲೆಯನ್ನು ಪಾರದರ್ಶಕ ಮಾಡಿದರೆ ಡಾರ್ಕ್ ಥೀಮ್‌ನಲ್ಲಿ ಕಪ್ಪು ಗೆರೆಗಳು ಮಾಯವಾಗುತ್ತವೆ, ಹಾಗಾಗಿ ಬಿಳಿ ಹಿನ್ನೆಲೆ ಉಳಿಸಿಕೊಳ್ಳುವುದೇ ಕ್ಷೇಮ.

## ಚಿತ್ರ ಬರಲೇ ಇಲ್ಲ. ಎಲ್ಲಿಂದ ಹುಡುಕಲಿ?

ಬ್ಲಾಕ್ ಒಳಗಿನ ಕೋಡನ್ನು ಮಾತ್ರ ಎತ್ತಿ ಬೇರೆ ಫೈಲಿಗೆ ಹಾಕಿ, ಟರ್ಮಿನಲ್‌ನಲ್ಲಿ ಡಯಾಗ್ರಾಂ ಪ್ರೋಗ್ರಾಂನಿಂದ ನೇರವಾಗಿ ಓಡಿಸಿ. ಅಲ್ಲೇ ತಪ್ಪು ಬಂದರೆ ಕೋಡ್‌ನಲ್ಲಿ ತೊಂದರೆ, ಸಾಲಿನ ಸಂಖ್ಯೆಯೂ ಅಲ್ಲೇ ಸಿಗುತ್ತದೆ. ಅಲ್ಲಿ ಚಿತ್ರ ಬಂದರೆ ಕೋಡ್ ಸರಿ ಇದೆ, ಮುಂದಿನ ಹಂತ ನೋಡಿ: ಎಡಿಟರ್‌ನಿಂದ ಓಡಿಸಿದಾಗ ಆ ಪ್ರೋಗ್ರಾಂ ಪಾತ್‌ನಲ್ಲಿ, ಅಂದರೆ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿಯಲ್ಲಿ, ಇದೆಯೇ? ಟರ್ಮಿನಲ್‌ಗೆ ಗೊತ್ತಿರುವ ಪಾತ್ ಮೆನುವಿನಿಂದ ತೆರೆದ ಎಡಿಟರ್‌ಗೆ ಗೊತ್ತಿಲ್ಲದೆ ಇರುವುದು ತುಂಬ ಸಾಮಾನ್ಯ. ಆಮೇಲೆ ಫೋಲ್ಡರ್ ನೋಡಿ. ಚಿತ್ರ ಇಡಬೇಕಾದ ಫೋಲ್ಡರ್ ಇಲ್ಲದಿದ್ದರೆ ಕೆಲವು ಪ್ರೋಗ್ರಾಂಗಳು ಅದನ್ನು ತಾವಾಗಿ ಮಾಡುವುದಿಲ್ಲ. ಫೈಲ್ ತಯಾರಾಗಿದೆ, ಆದರೆ ಸೊನ್ನೆ ಬೈಟ್ ಇದೆ ಅಂದರೆ ಹಿಂದಿನ ಸಲದ ವಿಫಲ ಓಟದ ಉಳಿಕೆ ಅದು. ಅಳಿಸಿ, ಕ್ಯಾಶ್ ಕೂಡ ಅಳಿಸಿ, ಮತ್ತೆ ಓಡಿಸಿ.